ಮುಂದಿನ ಪಂದ್ಯಾಟ ಯಾವಾಗ?

ವಿಷುವಿಗೆ ಎರಡು ದಿನ ಮುಂಚೆ, ತರವಾಡು ಮನೆಯ ನೇಮಕ್ಕೆಂದು ಅಮೆರಿಕದಿಂದ ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮನ್ನು ಕಾಣಲು ಮನೆಗೂ ಬಂದ. ಜಗಲಿಯಲ್ಲಿ ಕುಳಿತು ಎಳನೀರು ಕುಡಿಯುತ್ತ ಮಾತಾಡಿದೆವು. ಊರ ಸುದ್ದಿ, ಅಡಿಕೆಯ ಕ್ರಯ, ಈಚೆಗೆ ತೀರಿಹೋದವರ ಹೆಸರು ಎಲ್ಲವೂ ಮುಗಿದ ಮೇಲೆ, ‘ಅಷ್ಟು ದೂರದಲ್ಲಿ ನಿನಗೆ ಬೇಸರವಾಗುವುದಿಲ್ಲವೇ?’ ಎಂದು ಕೇಳಿದೆವು. ಅವನು ಸ್ವಲ್ಪವೂ ಯೋಚಿಸದೆ, ‘ಬೇಸರಕ್ಕೆ ಪುರುಸೊತ್ತೆಲ್ಲಿ ಮಾಷ್ಟ್ರೆ? ಇನ್ನು ಇನ್ನೂರ ಮೂವತ್ತೇ ದಿನ ಉಂಟು’ ಎಂದ.

ಯಾವುದಕ್ಕೆ ಇನ್ನೂರ ಮೂವತ್ತು ದಿನ? ತಂಗಿಯ ಮದುವೆಯೋ, ಹೊಸ ಮನೆಯ ಒಕ್ಕಲೋ ಇರಬೇಕು ಎಂದುಕೊಂಡೆವು. ಎರಡೂ ಅಲ್ಲ. ನವೆಂಬರ್ ಕೊನೆಯ ಶನಿವಾರ ಅವನು ಕಲಿತ ಕಾಲೇಜಿನ ತಂಡಕ್ಕೂ ಗಡಿಯಾಚೆಯ ಕಾಲೇಜಿನ ತಂಡಕ್ಕೂ ನಡೆಯಲಿರುವ ಒಂದು ಫುಟ್ಬಾಲ್ ಪಂದ್ಯಾಟ! ನಾಲ್ವತ್ತಕ್ಕೆ ಹತ್ತಿರ ಬಂದ, ಇಬ್ಬರು ಮಕ್ಕಳ ತಂದೆ, ಒಳ್ಳೆಯ ಉದ್ಯೋಗದಲ್ಲಿರುವ ಮನುಷ್ಯ ಏಪ್ರಿಲ್ ತಿಂಗಳಲ್ಲಿ ಕುಳಿತು ನವೆಂಬರಿನ ಆಟಕ್ಕೆ ದಿನ ಎಣಿಸುತ್ತಾನೆಂದರೆ ನಗು ಬಾರದೆ ಇರುತ್ತದೆಯೇ? ನಾವು ನಕ್ಕೆವು. ಅವನೂ ನಕ್ಕ. ಆದರೆ ಆ ಆಟದ ಹಿಂದಿನ ಕತೆಯನ್ನು ಅವನು ಹೇಳತೊಡಗಿದ ಮೇಲೆ ನಮಗೆ ನಗು ನಿಂತಿತು. ಗಡಿನಾಡಿನ ಕನ್ನಡಿಗರಾದ ನಾವು ಕೇಳಿ ತಿಳಿಯಬೇಕಾದ ಕತೆ ಅದು. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇವೆ.

ಕಾಲಿಗಿಂತ ಕೈಯ ಆಟ

ಮೊದಲಾಗಿ ಆಟದ ವಿಚಾರ. ಅಮೆರಿಕದವರು ಫುಟ್ಬಾಲ್ ಎನ್ನುವುದು ಮೊಗ್ರಾಲಿನ ಮೈದಾನದಲ್ಲಿ ನಾವು ಕಾಣುವ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾಗಿರುವ ಉದ್ದುರುಟಿನದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಕೈಯಿಂದ ಎಸೆಯುತ್ತಾರೆ. ಕಾಲಿಗೆ ಕೆಲಸ ಬರುವುದು ಅಪರೂಪ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಒಟ್ಟಿನಲ್ಲಿ ಗಜ ಗಜ ನೆಲಕ್ಕಾಗಿ ಹೋರಾಡುವ ಆಟ.

ಈ ಆಟವನ್ನು ಹಣಕ್ಕಾಗಿಯೇ ಆಡುವ ದೊಡ್ಡ ತಂಡಗಳು ಆ ದೇಶದಲ್ಲಿವೆ. ಆದರೂ ಜನರ ಪ್ರೀತಿ ಕಾಲೇಜು ತಂಡಗಳ ಮೇಲೆ ಅಷ್ಟೇ ಗಾಢವಾಗಿದೆ. ಆನ್ ಆರ್ಬರ್ ಎಂಬ ಪಟ್ಟಣದಲ್ಲಿರುವ ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣ 1927ರಲ್ಲಿ ಕಟ್ಟಿದ್ದು. ಈಗ ಅದರಲ್ಲಿ 1,07,601 ಜನರಿಗೆ ಜಾಗವಿದೆ. 2011ರ ಜನಗಣತಿಯಲ್ಲಿ ನಮ್ಮ ಕಾಸರಗೋಡು ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ. ಅಂದರೆ ಇಡೀ ಪೇಟೆಯ ಮಂದಿಯನ್ನು, ತೊಟ್ಟಿಲ ಮಗುವೂ ಸೇರಿದಂತೆ, ಅಲ್ಲಿ ಕುಳ್ಳಿರಿಸಿದರೂ ಅರ್ಧ ಆಸನ ಖಾಲಿಯೇ ಉಳಿಯುತ್ತದೆ. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿರುವ, ನಮ್ಮ ಹುಡುಗ ಕಲಿತ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿಯೂ ಲಕ್ಷಕ್ಕೆ ಮಿಕ್ಕಿ ಜನ ಹಿಡಿಯುತ್ತಾರೆ.

ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಹನ್ನೆರಡು ಆಟ. ಮತ್ತೆ ವರ್ಷವೆಲ್ಲ ಕಾಯುವುದೇ ಕೆಲಸ. ಮುಂದಿನ ತಾಳಮದ್ದಳೆಯಲ್ಲಿ ಕರ್ಣ ಯಾರು, ಶಲ್ಯ ಯಾರು, ಇವರ ಮಾತಿಗೆ ಅವರು ಏನು ಉತ್ತರ ಕೊಟ್ಟಾರು ಎಂದು ವಾರಕ್ಕೆ ಮುಂಚೆಯೇ ತಲೆ ಕೆಡಿಸಿಕೊಳ್ಳುವ ಮಹನೀಯರು ನಮ್ಮಲ್ಲಿಯೂ ಇದ್ದಾರಷ್ಟೆ. ಆ ಜಾತಿಯವನೇ ಈತ. ಒಹಾಯೊ ತಂಡದವರ ಅಭ್ಯಾಸದ ಕಟ್ಟಡದಲ್ಲಿ ಮಿಷಿಗನ್ನಿನ ಮೇಲಿನ ಆಟಕ್ಕೆ ಇನ್ನೆಷ್ಟು ದಿನ, ಎಷ್ಟು ಗಂಟೆ ಎಂದು ತೋರಿಸುವ ಗಡಿಯಾರವೇ ಉಂಟಂತೆ. ಇವನು ಅದನ್ನು ತಲೆಯೊಳಗೆ ಇಟ್ಟುಕೊಂಡಿದ್ದಾನೆ, ಅಷ್ಟೆ.

ಟೊಲೀಡೊ ಗಡಿತಂಟೆ

ಹನ್ನೆರಡು ಆಟಗಳಲ್ಲಿ ಇದೊಂದಕ್ಕೆ ಯಾಕಿಷ್ಟು ಮಹತ್ವ? ಅದಕ್ಕೆ ಉತ್ತರ ಬೇಕಾದರೆ 1835ಕ್ಕೆ ಹೋಗಬೇಕು.

ಒಹಾಯೊ 1803ರಲ್ಲೇ ರಾಜ್ಯವಾಗಿತ್ತು. ಅದರ ಉತ್ತರಕ್ಕಿದ್ದ ಮಿಷಿಗನ್ ಆಗ ರಾಜ್ಯವಾಗಲು ಕಾದಿದ್ದ ಪ್ರದೇಶ ಮಾತ್ರ. ಎರಡರ ನಡುವಿನ ಗಡಿರೇಖೆಯನ್ನು ಮಿಷಿಗನ್ ಸರೋವರದ ದಕ್ಷಿಣ ತುದಿಯಿಂದ ನೇರ ಪೂರ್ವಕ್ಕೆ ಎಳೆಯಬೇಕೆಂದು 1787ರ ಶಾಸನ ಹೇಳಿತ್ತು. ಆದರೆ ಶಾಸನ ಮಾಡಿದವರ ಮುಂದಿದ್ದ ಹಳೆಯ ಭೂಪಟದಲ್ಲಿ ಸರೋವರದ ತುದಿ ನಿಜವಾದ ಜಾಗಕ್ಕಿಂತ ಉತ್ತರಕ್ಕೆ ಬಿದ್ದಿತ್ತು. ನಕ್ಷೆಯ ತಪ್ಪು ನೆಲದ ಮೇಲೆ ತಂಟೆಯಾಯಿತು. ಇಬ್ಬರೂ ಬೇರೆ ಬೇರೆ ಸರ್ವೆ ಮಾಡಿಸಿದರು. ಎರಡು ಗೆರೆ ಬಂತು. ಎರಡು ಗೆರೆಗಳ ನಡುವೆ 468 ಚದರ ಮೈಲಿಯ ಒಂದು ಪಟ್ಟಿ. ನಮ್ಮ ಜಿಲ್ಲೆಯ ಐದರಲ್ಲಿ ಮೂರು ಪಾಲಿನಷ್ಟು ನೆಲ ಎನ್ನೋಣ. ಆ ಪಟ್ಟಿಯಲ್ಲಿ ಮಾಮೀ ನದಿ ಈರಿ ಸರೋವರವನ್ನು ಸೇರುವಲ್ಲಿ ಟೊಲೀಡೊ ಎಂಬ ಬಂದರು. ಕಾಲುವೆಗಳ ಕಾಲವಾದುದರಿಂದ ಆ ಬಂದರು ಯಾರಿಗೋ ಅವರಿಗೆ ವ್ಯಾಪಾರ.

1835ರಲ್ಲಿ ಎರಡೂ ಕಡೆಯವರು ಸೈನ್ಯ ಕಟ್ಟಿದರು. ಮಿಷಿಗನ್ನಿನ ಆಡಳಿತ ನಡೆಸುತ್ತಿದ್ದ ಸ್ಟೀವನ್ಸ್ ಮೇಸನ್ ಆಗ ಇಪ್ಪತ್ತಮೂರು ವರ್ಷದ ತರುಣ. ಏಪ್ರಿಲಿನಲ್ಲಿ ಒಹಾಯೊದ ಸರ್ವೆಯವರ ತಲೆಯ ಮೇಲಿಂದ ಗುಂಡು ಹಾರಿಸಿ ಅವರನ್ನು ಓಡಿಸಿದ್ದಾಯಿತು. ಜುಲೈಯಲ್ಲಿ ಮಿಷಿಗನ್ನಿನ ಅಧಿಕಾರಿಯೊಬ್ಬನಿಗೆ ಟೊಲೀಡೊದ ತರುಣನೊಬ್ಬ ಪೆನ್ನುಕತ್ತಿಯಿಂದ ತಿವಿದ, ಗಾಯ ವಾಸಿಯಾಯಿತು. ಇಡೀ ‘ಯುದ್ಧ’ದಲ್ಲಿ ಹರಿದ ರಕ್ತ ಅಷ್ಟೆ. ಸೆಪ್ಟೆಂಬರಿನಲ್ಲಿ ಒಹಾಯೊದ ನ್ಯಾಯಾಧೀಶರು, ಟೊಲೀಡೊದಲ್ಲಿ ನಮ್ಮ ಕೋರ್ಟು ನಡೆದಿದೆ ಎಂಬ ದಾಖಲೆಗಾಗಿ, ನಡುರಾತ್ರಿ ಕಳೆದ ಮೇಲೆ ಕದ್ದು ಬಂದು ಒಂದು ಶಾಲೆಯ ಕಟ್ಟಡದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಕೋರ್ಟು ನಡೆಸಿ, ಬರೆದ ಕಾಗದವನ್ನು ಗುಮಾಸ್ತನ ಟೋಪಿಯೊಳಗಿಟ್ಟುಕೊಂಡು ಓಡಿದರು. ಓಟದಲ್ಲಿ ಟೋಪಿ ಬಿದ್ದು ಹೋಗಿ, ಮತ್ತೆ ಬಂದು ಹುಡುಕಿಕೊಂಡು ಹೋದದ್ದೂ ಉಂಟು. ಶಾಲೆಯ ಕಟ್ಟಡ ಎಲ್ಲ ದೇಶದಲ್ಲಿಯೂ ಸರಕಾರದವರಿಗೆ ಬೇಕಾದಾಗ ಒದಗುವ ಛತ್ರವೇ ಎಂದು ನಾವು ಹೇಳಿದಾಗ ಹುಡುಗ ಬಹಳ ನಕ್ಕ.

ಕೊನೆಗೆ ಕೇಂದ್ರದವರು ತೀರ್ಮಾನ ಮಾಡಿದರು. ಟೊಲೀಡೊ ಒಹಾಯೊಗೆ; ಬದಲಿಗೆ ಮಿಷಿಗನ್ನಿಗೆ ಬಡಗಣದ ಕಾಡು ಪ್ರದೇಶವೊಂದು. ಒಪ್ಪಿದರೆ ರಾಜ್ಯದ ಮಾನ್ಯತೆ, ಇಲ್ಲದಿದ್ದರೆ ಇಲ್ಲ. ಮಿಷಿಗನ್ನಿನವರು ಮೊದಲು ಒಲ್ಲೆವೆಂದರು. 1836ರ ಡಿಸೆಂಬರಿನ ಚಳಿಯಲ್ಲಿ ಆನ್ ಆರ್ಬರಿನಲ್ಲಿ ಮತ್ತೆ ಸಭೆ ಸೇರಿ ತಲೆಬಾಗಿದರು. 1837ರ ಜನವರಿಯಲ್ಲಿ ರಾಜ್ಯವಾಯಿತು. ಕಾಡೆಂದು ಕೊಟ್ಟಿದ್ದ ನೆಲದಲ್ಲಿ ಮುಂದೆ ತಾಮ್ರವೂ ಕಬ್ಬಿಣವೂ ಸಿಕ್ಕಿದವು ಎಂಬುದು ಬೇರೆ ಮಾತು. 1915ರಲ್ಲಿ ಹೊಸದಾಗಿ ಸರ್ವೆ ಮಾಡಿ ಗಡಿಯುದ್ದಕ್ಕೆ ಕಲ್ಲು ನೆಟ್ಟಾಗ ಎರಡು ರಾಜ್ಯಗಳ ಗವರ್ನರರು ಗೆರೆಯ ಮೇಲೆ ನಿಂತು ಕೈಕುಲುಕಿದರು. ಆದರೂ ಸರೋವರದೊಳಗಿನ ಗಡಿಯ ವ್ಯಾಜ್ಯ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಬೇಕಾಯಿತು.

ಭೂಪಟ, ಗೆರೆ, ದೂರದಲ್ಲಿ ಕುಳಿತವರ ತೀರ್ಮಾನ, ಒಪ್ಪಲಾರದೆ ಒಪ್ಪಿದ ಜನ – 1956ರ ನವೆಂಬರ್ 1ನ್ನೂ, 1967ರ ಮಹಾಜನ ವರದಿಯನ್ನೂ ಮರೆಯದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಗಳ ಆಟವಾದ ಬಗೆ

ಈ ಎರಡು ರಾಜ್ಯಗಳ ವಿಶ್ವವಿದ್ಯಾನಿಲಯಗಳು ಮೊದಲು ಆಡಿದ್ದು 1897ರಲ್ಲಿ. ಮಿಷಿಗನ್ 34–0ಯಿಂದ ಗೆದ್ದಿತು. 1935ರಿಂದ ವರ್ಷದ ಕೊನೆಯ ಆಟವನ್ನು ಇವರಿಬ್ಬರಿಗೇ ಮೀಸಲಿಡುವುದು ರೂಢಿಯಾಯಿತು. 1950ರಲ್ಲಿ ಕೊಲಂಬಸಿನಲ್ಲಿ ಹಿಮದ ಬಿರುಗಾಳಿಯ ನಡುವೆಯೂ ಆಟ ನಿಲ್ಲಲಿಲ್ಲ. ಒಂದೇ ಒಂದು ಸಲವೂ ಹತ್ತು ಗಜ ಮುಂದೆ ಹೋಗಲಾಗದ ಮಿಷಿಗನ್, ಒದ್ದ ಚೆಂಡನ್ನು ತಡೆದೇ 9–3ರಿಂದ ಗೆದ್ದಿತು. ಆ ಚಳಿಯಲ್ಲಿಯೂ ಐವತ್ತು ಸಾವಿರ ಜನ ಕುಳಿತಿದ್ದರು.

ಒಹಾಯೊ ತಂಡಕ್ಕೆ 1951ರಿಂದ 1978ರವರೆಗೆ ಗುರುವಾಗಿದ್ದವರು ವುಡಿ ಹೇಸ್. ಕಾರಿನ ಪೆಟ್ರೋಲು ಮುಗಿಯುತ್ತ ಬಂದಿದ್ದರೂ ಅವರು ಮಿಷಿಗನ್ನಿನ ನೆಲದಲ್ಲಿ ಒಂದು ಹನಿ ಕೊಳ್ಳಲು ಒಪ್ಪಲಿಲ್ಲವೆಂಬ ಕತೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. (ನಾಲ್ಕು ಕಾಸು ಉಳಿಯುತ್ತದೆಂದು ತಲಪಾಡಿ ದಾಟಿ ಪೆಟ್ರೋಲು ಹಾಕಿಸಿಕೊಂಡು ಬರುವ ನಮಗೆ ಇಂತಹ ವ್ರತ ಅಸಾಧ್ಯ.) ಇವರ ಕೈಕೆಳಗೆ ಆಡಿ, ಇವರಿಗೆ ಸಹಾಯಕನಾಗಿದ್ದ ಬೋ ಶೆಂಬೆಕ್ಲರ್ 1969ರಲ್ಲಿ ಮಿಷಿಗನ್ ತಂಡದ ಗುರುವಾದರು. ಅದೇ ವರ್ಷ, ಸತತ 22 ಆಟ ಗೆದ್ದು ಬಂದಿದ್ದ ಗುರುವಿನ ತಂಡವನ್ನು ಶಿಷ್ಯನ ತಂಡ 24–12ರಿಂದ ಮಣಿಸಿತು. ಆ ವರ್ಷವೂ ಸೇರಿ ಹತ್ತು ವರ್ಷಗಳ ಲೆಕ್ಕ: ಶಿಷ್ಯನಿಗೆ ಐದು, ಗುರುವಿಗೆ ನಾಲ್ಕು, ಒಂದು ಸಮ. 2006ರಲ್ಲಿ ದೇಶದ ಮೊದಲನೆಯ ಮತ್ತು ಎರಡನೆಯ ಸ್ಥಾನದ ತಂಡಗಳಾಗಿ ಇವೆರಡು ಕೊಲಂಬಸಿನಲ್ಲಿ ಸೆಣಸಲಿದ್ದ ಹಿಂದಿನ ದಿನ ಶೆಂಬೆಕ್ಲರ್ ತೀರಿಕೊಂಡರು. ಮರುದಿನ ಆ ಒಹಾಯೊ ಕ್ರೀಡಾಂಗಣ ಎದುರಾಳಿಗಾಗಿ ಮೌನವಾಗಿ ನಿಂತಿತು.

ಎಲ್ಲವೂ ಹೀಗೆ ಸುಂದರ ಎಂದು ನಾವು ಹೇಳುವುದಿಲ್ಲ. 2024ರಲ್ಲಿ ಕೊಲಂಬಸಿನಲ್ಲಿ ಗೆದ್ದ ಮಿಷಿಗನ್ನಿನ ಹುಡುಗರು ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಯಿತು. ಬಿಡಿಸಲು ಪೊಲೀಸರು ಮೆಣಸಿನ ನೀರು ಚಿಮ್ಮಿಸಬೇಕಾಯಿತು. ಅದೇ ಒಹಾಯೊ ತಂಡ ಮುಂದೆ 2025ರ ಜನವರಿಯಲ್ಲಿ ಇಡೀ ದೇಶದ ಪ್ರಶಸ್ತಿಯನ್ನೇ ಗೆದ್ದಿತು. ‘ಹಾಗಾದರೆ ಸಮಾಧಾನವಾಯಿತಲ್ಲ?’ ಎಂದರೆ ನಮ್ಮ ಹುಡುಗ, ‘ದೇಶ ಗೆದ್ದದ್ದು ಸರಿ ಮಾಷ್ಟ್ರೆ, ಅವರಿಗೆ ಸೋತದ್ದು ಸೋತದ್ದೇ ಅಲ್ವಾ?’ ಎಂದ.

ಇವನು ಈಗ ಇರುವುದು ಆ ಟೊಲೀಡೊದಲ್ಲಿಯೇ. ಒಹಾಯೊಗೆ ಸೇರಿದ ಊರಾದರೂ ಅದಕ್ಕೆ ಕೊಲಂಬಸಿಗಿಂತ ಆನ್ ಆರ್ಬರ್ ಹತ್ತಿರ. ಒಂದೇ ಬೀದಿಯಲ್ಲಿ ಎರಡೂ ಕಡೆಯ ಬಾವುಟ. ಇವನ ಬೇಲಿಯಾಚೆಯ ಮನೆಯವನು ಮಿಷಿಗನ್ ಪಕ್ಷದವನು. ಇಬ್ಬರಿಗೂ ಒಂದು ಕರಾರು: ಸೋತವನು ಭಾನುವಾರ ಬೆಳಿಗ್ಗೆ ಗೆದ್ದವನ ಅಂಗಳದ ತರಗೆಲೆ ಗುಡಿಸಬೇಕು. 2021ರಿಂದ ನಾಲ್ಕು ವರ್ಷ ಒಂದೇ ಸಮನೆ ಮಿಷಿಗನ್ ಗೆದ್ದುದರಿಂದ ಇವನೇ ಗುಡಿಸಿದ. 2025ರಲ್ಲಿ ಒಹಾಯೊ ಆನ್ ಆರ್ಬರಿಗೇ ಹೋಗಿ 27–9ರಿಂದ ಗೆದ್ದಾಗ ನೆರೆಯವನು ಕಸಬರಿಗೆ ಹಿಡಿದ. 2020ರಲ್ಲಿ ಮಾತ್ರ ಕೊರೋನಾದಿಂದಾಗಿ ಆಟವೇ ನಡೆಯಲಿಲ್ಲ. 1918ರಿಂದ ಒಂದು ವರ್ಷವೂ ತಪ್ಪದೆ ಬಂದಿದ್ದ ಆಟ ಅದು. ಆ ಭಾನುವಾರ ಇಬ್ಬರೂ ತಂತಮ್ಮ ಅಂಗಳವನ್ನು ತಾವೇ ಗುಡಿಸಿಕೊಂಡರಂತೆ. ‘ಅದರಷ್ಟು ಬೇಸರದ ದಿನ ಇನ್ನೊಂದಿಲ್ಲ ಮಾಷ್ಟ್ರೆ. ಸೋತಿದ್ದರೂ ಬೇಕಿತ್ತು’ ಎಂದ.

ಅಳಿಸಿದ ಅಕ್ಷರ

ಇನ್ನೊಂದು ಸಂಗತಿ ಹೇಳಿದ. ಆಟದ ವಾರದಲ್ಲಿ ಕೊಲಂಬಸಿನ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಬೋರ್ಡುಗಳಲ್ಲಿ ಮಿಷಿಗನ್ನಿನ ಮೊದಲಕ್ಷರವಾದ ‘ಎಂ’ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ವಿದ್ಯಾರ್ಥಿಗಳು ಕೆಂಪು ಪಟ್ಟಿ ಅಂಟಿಸಿ ಹೊಡೆದುಹಾಕುತ್ತಾರಂತೆ. ಅದನ್ನು ಕೇಳಿ ನಮ್ಮ ಮುಖ ಸಪ್ಪಗಾದದ್ದನ್ನು ಹುಡುಗ ಗಮನಿಸಿದ. ‘ಆಟ ಮುಗಿದ ಮೇಲೆ ಪಟ್ಟಿ ಕೀಳುತ್ತಾರೆ ಮಾಷ್ಟ್ರೆ’ ಎಂದ. ಅದೇ ವ್ಯತ್ಯಾಸ. ನಮ್ಮ ಕಡೆ ಹೊಸ ಬಣ್ಣ ಬಳಿಯುವಾಗ ಬೋರ್ಡಿನಿಂದ ಕಾಣೆಯಾದ ಕನ್ನಡಾಕ್ಷರ ತಾನಾಗಿ ಹಿಂದೆ ಬಂದದ್ದನ್ನು ನಾವು ಕಂಡಿಲ್ಲ; ಅರ್ಜಿ ಬರೆದು, ಅಲೆದು ತರಬೇಕು. ಅಕ್ಷರ ನಾಳೆಯೂ ಇರುತ್ತದೆಂಬ ಧೈರ್ಯವಿದ್ದವರು ಅದನ್ನು ಹೊಡೆದು ಆಟವಾಡಬಹುದು.

ಗಡಿಯ ಇಕ್ಕಡೆಯ ತಂಡ, ಅಕ್ಕಡೆಯ ತಂಡ ಎಂಬ ಪೇಚು ನಮಗೂ ಬಂದದ್ದುಂಟು. 2022ರ ಏಪ್ರಿಲ್ 28ರಂದು ಮಂಜೇರಿಯಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್, ಕೇರಳಕ್ಕೂ ಕರ್ನಾಟಕಕ್ಕೂ. ರಾತ್ರಿ ನಮ್ಮ ಜಗಲಿಯಲ್ಲಿ ಒಂದು ಮೊಬೈಲಿನ ಸುತ್ತ ನೆರೆಕರೆಯ ಮಕ್ಕಳೆಲ್ಲ ಸೇರಿದ್ದರು. ಒಬ್ಬ ಹುಡುಗ ಮೆಲ್ಲನೆ, ‘ಮಾಷ್ಟ್ರೆ, ನಾವು ಯಾರ ಕಡೆ?’ ಎಂದು ಕೇಳಿದ. ನಾವು ಉತ್ತರ ಹುಡುಕುವುದರೊಳಗೆ, ಚಿಕ್ಕಂದಿನಲ್ಲಿ ಏಕೀಕರಣದ ಮೆರವಣಿಗೆಯಲ್ಲಿ ನಡೆದಿದ್ದ ಪಕ್ಕದ ಮನೆಯ ಅಜ್ಜ, ‘ಇದು ಕೇಳುವ ಮಾತಾ? ಕರ್ನಾಟಕ!’ ಎಂದು ಗದರಿದರು. ಕರ್ನಾಟಕವೇ ಮೊದಲ ಗೋಲು ಹಾಕಿತು. ಅಜ್ಜನ ಮುಖ ನೋಡಬೇಕಿತ್ತು. ಬಳಿಕ ಬದಲಿ ಆಟಗಾರನಾಗಿ ಬಂದ ಜೆಸಿನ್ ಎಂಬ ಹುಡುಗ ಒಬ್ಬನೇ ಐದು ಗೋಲು ಹಾಕಿದ. ಕೇರಳ 7–3ರಿಂದ ಗೆದ್ದಿತು. ಮಕ್ಕಳಲ್ಲಿ ಹೆಚ್ಚಿನವರು, ಕನ್ನಡ ಶಾಲೆಯವರೂ ಸೇರಿ, ಕುಣಿದರು. ಅಜ್ಜ ಮುಂಡು ಕೊಡವಿ ಎದ್ದವರು ಮೆಟ್ಟಲಿನಲ್ಲಿ ನಿಂತು, ‘ಮುಂದಿನ ಆಟ ಯಾವಾಗ?’ ಎಂದು ಕೇಳಿದರು. ನಾಲ್ಕು ದಿನ ಕಳೆದು ಕೇರಳಕ್ಕೂ ಬಂಗಾಳಕ್ಕೂ ಫೈನಲ್ ಎಂದೆವು. ಅಂದು ಅಜ್ಜ ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು. ಬಂಗಾಳದ ಕಡೆಗಂತೂ ಅವರಿರಲಿಲ್ಲ. ಮುಂದೆ 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಅದೇ ಟ್ರೋಫಿ ಗೆದ್ದಾಗ ಅಜ್ಜನಿಗೆ ಓಡಿಬಂದು ಸುದ್ದಿ ಮುಟ್ಟಿಸಿದ್ದು ಅಂದು ಕುಣಿದ ಮಕ್ಕಳೇ.

ಹನ್ನೊಂದು ಜನ

ಹೊರಡುವ ಹೊತ್ತಿಗೆ ಹುಡುಗ ತಾನು ಕೇಳಬೇಕೆಂದಿದ್ದುದನ್ನು ಕೇಳಿದ: ‘ಡಿಸೆಂಬರಿನ ಆಟ ಈಗಲೂ ಉಂಟಾ ಮಾಷ್ಟ್ರೆ?’

ನಮ್ಮ ಶಾಲೆಯಲ್ಲಿ ಕನ್ನಡ ಡಿವಿಷನ್, ಮಲಯಾಳ ಡಿವಿಷನ್ ಎರಡೂ ಇವೆ. ಕ್ರಿಸ್ಮಸ್ ಪರೀಕ್ಷೆ ಮುಗಿದ ದಿನ ಮಧ್ಯಾಹ್ನ ಇವೆರಡಕ್ಕೆ ಕಾಲ್ಚೆಂಡಿನ ಪಂದ್ಯಾಟ ನಡೆಯುವುದು ಬಹಳ ಹಿಂದಿನ ವಾಡಿಕೆ. ಇವನು ಒಂದು ಕಾಲದಲ್ಲಿ ಕನ್ನಡ ಡಿವಿಷನ್ನಿನ ಗೋಲು ಕಾದವನು. ಆಗ ತಂಡಕ್ಕೆ ಹನ್ನೊಂದು ಜನರನ್ನು ಆರಿಸುವುದೇ ಕಷ್ಟ. ಆಯ್ಕೆಯಾಗದವರ ತಂದೆಯಂದಿರು ನಮ್ಮೊಡನೆ ಮುನಿಸಿಕೊಳ್ಳುತ್ತಿದ್ದರು. ಕಳೆದ ಸಲ ಎಂಟು, ಒಂಬತ್ತು, ಹತ್ತು ಮೂರು ತರಗತಿ ಸೇರಿಸಿ ಎಣಿಸಿದರೂ ಆಡಬಲ್ಲ ಹುಡುಗರು ಎಂಟೇ ಮಂದಿ. ಈ ವರ್ಷ ಆಟ ಬೇಡವೆಂದು ನಾವು ತೀರ್ಮಾನಿಸಿದ್ದೆವು.

ಆಗ ಮಲಯಾಳ ಡಿವಿಷನ್ನಿನ ನಾಯಕ ಸ್ಟಾಫ್ ರೂಮಿಗೆ ಬಂದ. ತಮ್ಮ ಕಡೆಯಿಂದ ಮೂವರನ್ನು ಕೊಡುತ್ತೇವೆ, ಆಟ ನಿಲ್ಲಿಸಬೇಡಿ ಎಂದ. ‘ನೀವಿಲ್ಲದಿದ್ದರೆ ನಾವು ಯಾರೊಡನೆ ಆಡುವುದು ಸಾರ್?’ ಎಂದು ಕನ್ನಡದಲ್ಲಿಯೇ ಕೇಳಿದ. ಆ ಮೂವರು ನಮ್ಮ ಹಳದಿ ಅಂಗಿ ತೊಟ್ಟು ಬೆವರಿಳಿಸಿ ಆಡಿದರು. ನಾವು 2–1ರಿಂದ ಸೋತೆವು. ನಮ್ಮ ಒಂದು ಗೋಲು ಅವರಲ್ಲೊಬ್ಬನದೇ.

ಇದನ್ನು ಕೇಳಿ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅವನಿಗೆ 2020ರ ಆ ಭಾನುವಾರ ನೆನಪಾಗಿರಬೇಕು. ಅಲ್ಲಿ ಒಂದು ವರ್ಷ ತಪ್ಪಿದ ಆಟ ಮರುವರ್ಷ ಬಂತು. ಎರಡೂ ಕಡೆಯಲ್ಲಿ ಜನವಿದ್ದರು. ನಮ್ಮಲ್ಲಿ ಒಂದು ಕಡೆಯೇ ಕರಗಿದರೆ ಇನ್ನೊಂದು ಕಡೆಯವರು ಎಷ್ಟು ಒಳ್ಳೆಯವರಾದರೂ ಎಷ್ಟು ವರ್ಷ ಸಾಲ ಕೊಟ್ಟಾರು?

‘ಈ ಸಲದ್ದು ಯಾವ ದಿನ? ತಿಳಿಸಿದರೆ ರಜೆ ಹಾಕಿ ಬರುತ್ತೇನೆ’ ಎಂದ. ನವೆಂಬರಿನದು ಮುಗಿದ ಮೇಲೆ ಇದಕ್ಕೂ ದಿನ ಎಣಿಸಬೇಕಲ್ಲ! ಪರೀಕ್ಷೆಯ ವೇಳಾಪಟ್ಟಿ ಬಾರದೆ ದಿನ ಹೇಳುವುದು ಹೇಗೆ ಎಂದೆವು. ಅದಕ್ಕಿಂತ ಮೊದಲು ಜೂನ್ ಇದೆ. ಶಾಲೆ ತೆರೆಯುತ್ತದೆ, ಎಂಟನೆಯ ತರಗತಿಗೆ ಪ್ರವೇಶ ನಡೆಯುತ್ತದೆ. ಏಳನೆಯ ತರಗತಿ ಮುಗಿಸಿದ ಮಕ್ಕಳಿರುವ ಕನ್ನಡ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು. ಹಳದಿ ಅಂಗಿಗಳನ್ನು ಒಗೆದು ಮಡಚಿ ಕಪಾಟಿನಲ್ಲಿ ಇಟ್ಟಿದ್ದೇವೆ, ಹನ್ನೊಂದೂ ಇವೆ. ಕಳೆದ ಸಲದ ಎಂಟು ಮಂದಿಯಲ್ಲಿ ಹತ್ತನೆಯದು ಮುಗಿಸಿ ಇಬ್ಬರು ಹೊರಟುಹೋದರು. ಇನ್ನು ಐವರು ಬೇಕು.